‘ಕೊಳ್ಳಿ’ ಅಂದರೆ ಏನು ಕೊಟ್ಟ ಹಾಗೆ?

ಕೇಳುಗರೇ, ನಮಸ್ಕಾರ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಒಳಪುಟವನ್ನು. ಅಲ್ಲಿ ಯಾರದೋ ಹೆಸರು ಇರುತ್ತದೆ. ಅದನ್ನು ಹೊಡೆದುಹಾಕಿ ಕೆಳಗೆ ಇನ್ನೊಂದು ಹೆಸರು. ಮನೆಗೆ ತಂದ ಮೇಲೆ ಮೂರನೆಯದು ನನ್ನದು. ನನ್ನ ಫೋನಿನಲ್ಲೂ ‘ಕೊಳ್ಳಿ’ ಎಂಬ ಗುಂಡಿ ಒತ್ತಿ, ದುಡ್ಡು ಕೊಟ್ಟು ಕೊಂಡ ಇ-ಪುಸ್ತಕಗಳಿವೆ. ಅವನ್ನು ಮಾರುವ ಹಾಗಿಲ್ಲ, ಮಗಳ ಹೆಸರಿಗೆ ಬರೆಯುವ ಹಾಗೂ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅವು ನನ್ನವೇ ಅಲ್ಲ.

2009ರ ಜುಲೈನಲ್ಲಿ ಅಮೆರಿಕದಲ್ಲಿ ನಡೆದದ್ದು ಕೇಳಿ. ಜಾರ್ಜ್ ಆರ್ವೆಲ್ ಅವರ ಎರಡು ಕಾದಂಬರಿಗಳನ್ನು ಜನ ಅಮೆಜಾನ್ ಕಂಪನಿಯ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ನಲ್ಲಿ ಕೊಂಡಿದ್ದರು. ಅಂಗಡಿಗೆ ಅವನ್ನು ಹಾಕಿದವರಿಗೆ ಅಮೆರಿಕದಲ್ಲಿ ಮಾರುವ ಹಕ್ಕು ಇರಲಿಲ್ಲ. ಅದು ಗೊತ್ತಾದಾಗ ಅಮೆಜಾನ್ ಜನರ ಕೈಯಲ್ಲಿದ್ದ ಪ್ರತಿಗಳನ್ನೇ ದೂರದಿಂದ ಅಳಿಸಿಬಿಟ್ಟಿತು. ಹಣ ವಾಪಸ್ ಬಂತು, ನಿಜ. ಆದರೆ ಪಾಠಕ್ಕೆಂದು ಓದುತ್ತಿದ್ದ ಒಬ್ಬ ಹೈಸ್ಕೂಲ್ ಹುಡುಗ ಸಾಲು ಸಾಲಿಗೂ ಟಿಪ್ಪಣಿ ಬರೆದುಕೊಂಡಿದ್ದ. ಪುಸ್ತಕವೇ ಹೋದ ಮೇಲೆ ಯಾವ ಟಿಪ್ಪಣಿ ಯಾವ ಸಾಲಿನದು ಅಂತ ಹೇಗೆ ತಿಳಿಯಬೇಕು? ಅವನು ಕೋರ್ಟಿಗೆ ಹೋದ. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಅಲ್ಲೂ ಹಣ ಬಂತು, ಪುಸ್ತಕ ಹೋಯಿತು.

ಅಚ್ಚಿನ ಪುಸ್ತಕಕ್ಕೂ ಒಮ್ಮೆ ಹೀಗೆ ಬೇಲಿ ಹಾಕಲು ನೋಡಿದ್ದರು. ಅಮೆರಿಕದ ಒಬ್ಬ ಪ್ರಕಾಶಕರು, ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಹಕ್ಕು ಉಲ್ಲಂಘನೆ ಅಂತ ಪುಸ್ತಕದೊಳಗೇ ಅಚ್ಚು ಹಾಕಿಸಿದರು. ಮೇಸೀಸ್ ಅಂಗಡಿಯವರು 89 ಸೆಂಟಿಗೆ ಮಾರಿದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಗಡಿಯವರ ಪರ ನಿಂತಿತು. ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಬೆಲೆಯ ಮೇಲೆ ಪ್ರಕಾಶಕರ ಹಿಡಿತ ಮುಗಿಯಿತು ಅಂದಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಪುಸ್ತಕದ ಪ್ರತಿ ಒಮ್ಮೆ ಮಾರಾಟವಾದರೆ ಅದು ಚಲಾವಣೆಗೆ ಬಂದ ಪ್ರತಿ. ಅವೆನ್ಯೂ ರಸ್ತೆಯ ವ್ಯಾಪಾರಿ ಅದನ್ನು ಮತ್ತೆ ಮಾರಲು ಯಾರನ್ನೂ ಕೇಳಬೇಕಿಲ್ಲ.

ಹಾಗಾದರೆ ಇ-ಪುಸ್ತಕಕ್ಕೆ ಯಾಕಿಲ್ಲ? ಕಿಂಡಲ್ ಅಂಗಡಿಯ ಷರತ್ತು ಓದಿದರೆ ಗೊತ್ತಾಗುತ್ತದೆ. ನಿಮಗೆ ಕೊಟ್ಟಿರುವುದು ಲೈಸೆನ್ಸ್, ಅಂದರೆ ಬಳಸುವ ಅನುಮತಿ, ಮಾರಿದ್ದಲ್ಲ ಅಂತ ಅಲ್ಲೇ ಬರೆದಿದೆ. ಮಾರಾಟವೇ ಆಗಿಲ್ಲ ಅಂದ ಮೇಲೆ ಮಾರಾಟದ ನಂತರದ ಹಕ್ಕು ಎಲ್ಲಿಂದ ಬರಬೇಕು? ಅಂದು ಪುಸ್ತಕದೊಳಗೆ ಅಚ್ಚಾಗಿ ಸೋತ ಷರತ್ತು ಇಂದು ಪರದೆಯ ಮೇಲೆ ಗೆಲ್ಲುತ್ತಿದೆ. ನನಗೆ ಜಾಸ್ತಿ ನೋವಾಗುವುದು ಇದಕ್ಕೇ.

ಬರಹಗಾರರ ಭಯವೂ ಸುಳ್ಳಲ್ಲ. ನೆದರ್‌ಲ್ಯಾಂಡ್ಸ್‌ನ ಟಾಮ್ ಕ್ಯಾಬಿನೆಟ್ ಎಂಬ ಸಂಸ್ಥೆ ಓದಿಯಾದ ಇ-ಪುಸ್ತಕಗಳನ್ನು ಮಾರಲು ಹೊರಟಿತ್ತು. 2019ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ಕಾಗದ ಹಳದಿಯಾಗುತ್ತದೆ, ಹೊಲಿಗೆ ಬಿಚ್ಚುತ್ತದೆ. ಫೈಲು ಸವೆಯುವುದಿಲ್ಲ. ಹಳೆಯದೂ ಹೊಸದರ ಹಾಗೇ ಇದ್ದರೆ ಹೊಸದನ್ನು ಯಾರು ಕೊಳ್ಳುತ್ತಾರೆ, ಅಲ್ವಾ? ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಅದಕ್ಕಾಗಿ ಓದುಗರಿಗೆ ‘ಕೊಳ್ಳಿ’ ಅಂತ ಹೇಳಿ ಬೇರೇನೋ ಕೊಡಬೇಕಿಲ್ಲ.

ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೊಂದು ಕಾನೂನು ತಂದಿದೆ. 2025ರ ಜನವರಿ 1ರಿಂದ ಅಲ್ಲಿ ಬರೀ ಲೈಸೆನ್ಸ್ ಕೊಡುವವರು ‘ಕೊಳ್ಳಿ’ ಎಂಬ ಪದ ಬಳಸಬೇಕಾದರೆ, ಇದು ಲೈಸೆನ್ಸ್ ಮಾತ್ರ ಅಂತ ಸ್ಪಷ್ಟವಾಗಿ ತಿಳಿಸಬೇಕು. ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಫೈಲಿಗೆ ಈ ಕಟ್ಟುಪಾಡು ಇಲ್ಲ.

ಕನ್ನಡದಲ್ಲಿ ಇ-ಪುಸ್ತಕ ಮಾರುವವರಲ್ಲಿ ನಾನು ಕೇಳುವುದು ಇಷ್ಟೇ. ಕಾನೂನು ಬರಲಿ ಅಂತ ಕಾಯಬೇಡಿ. ಆ ‘ಕೊಳ್ಳಿ’ ಗುಂಡಿಯ ಪಕ್ಕದಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆಯಿರಿ: ನಿಮ್ಮ ಆ್ಯಪ್ ನಿಂತುಹೋದ ದಿನ ಈ ಪುಸ್ತಕ ನಮ್ಮ ಹತ್ತಿರ ಉಳಿಯುತ್ತದೋ ಇಲ್ಲವೋ ಅಂತ.

ನಮಸ್ಕಾರ.