ಎಣಿಸಿದ್ದು ಯಾರು?

ಹಿಂದಿನ ಸಾಲಿಗೂ ಕೇಳಿಸ್ತಿದೆ ಅಲ್ವಾ? ಸರಿ, ಶುರು ಮಾಡುತ್ತೇನೆ.

ಮುಷ್ಕರದ ಮೊದಲ ದಿನ ಅಂತಿಟ್ಟುಕೊಳ್ಳಿ. ಸಂಜೆ ಆಡಳಿತ ಮಂಡಳಿಯ ಪ್ರೆಸ್ ನೋಟ್ ಬರುತ್ತದೆ: ‘ಶೇ. 80 ಸಿಬ್ಬಂದಿ ಹಾಜರು.’ ಯೂನಿಯನ್ನಿನವರು ಫೋನ್ ಮಾಡಿ, ‘ಶೇ. 90 ಜನ ಹೊರಗಿದ್ದೇವೆ’ ಅನ್ನುತ್ತಾರೆ. ಕೂಡಿಸಿದರೆ ಕಾರ್ಖಾನೆಯಲ್ಲಿ 170 ಪರ್ಸೆಂಟ್ ಜನ! ಪತ್ರಿಕೆಯ ಡೆಸ್ಕಿನಲ್ಲಿ ಕೂತವನು ಎರಡನ್ನೂ ಹಾಕಿ, ಎರಡೂ ಕಡೆ ಬಂತಲ್ಲ ಅಂತ ಮನೆಗೆ ಹೋಗುತ್ತಾನೆ. ನಾನೂ ಹಾಗೆ ಹೋಗಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆ 80ರಲ್ಲಿ ಅಧಿಕಾರಿಗಳು ಎಷ್ಟು, ಟ್ರೈನಿಗಳು ಎಷ್ಟು, ಗುತ್ತಿಗೆಯವರು ಎಷ್ಟು, ಯಾವ ಶಿಫ್ಟಿನ ಲೆಕ್ಕ? ನಾನು ಕೇಳಲಿಲ್ಲ. ಎಣಿಸಿದ್ದು ಯಾರು? ಅದನ್ನೂ ಕೇಳಲಿಲ್ಲ.

ಗೇಟಿಗೆ ಹೋಗಿ ನಿಲ್ಲಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಒಂದು ಕಥೆ ಇದೆ. ಕೆಲವರು ನನ್ನ ಬಾಯಲ್ಲೇ ಕೇಳಿರಬಹುದು, ಸಹಿಸಿಕೊಳ್ಳಿ.

1937ರ ಮೇ 26. ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆ. 4ನೇ ಗೇಟಿನ ಹತ್ತಿರ ರಸ್ತೆ ದಾಟಲು ಒಂದು ಮೇಲ್ಸೇತುವೆ. ಕರಪತ್ರ ಹಂಚಲು ಯೂನಿಯನ್ನಿನವರು ಬಂದಿದ್ದರು. ಅವರ ನಾಯಕರಾದ ವಾಲ್ಟರ್ ರೂಥರ್, ರಿಚರ್ಡ್ ಫ್ರಾಂಕನ್‌ಸ್ಟೀನ್ ಸೇತುವೆ ಮೇಲಿದ್ದರು. ಡೆಟ್ರಾಯಿಟ್ ನ್ಯೂಸ್ ಪತ್ರಿಕೆಯ ಫೋಟೋಗ್ರಾಫರ್ ಜೇಮ್ಸ್ ಕಿಲ್‌ಪ್ಯಾಟ್ರಿಕ್, ಫೋರ್ಡ್ ಬೋರ್ಡು ಹಿಂದೆ ಕಾಣುವ ಹಾಗೆ ಅವರನ್ನು ನಿಲ್ಲಿಸಿದ. ಮದುವೆ ಮನೆಯಲ್ಲಿ ನಿಂತ ಹಾಗೆ ನಗುತ್ತಾ ನಿಂತರು. ಅಷ್ಟರಲ್ಲಿ ಕಂಪನಿಯ ಕಾವಲು ಪಡೆಯ ಹ್ಯಾರಿ ಬೆನೆಟ್‌ನ ಆಳುಗಳು ಬಂದರು. ಫ್ರಾಂಕನ್‌ಸ್ಟೀನ್‌ನ ಕೋಟನ್ನು ತಲೆ ಮೇಲಕ್ಕೆ ಎಳೆದರು. ಕೈ ಆಡಿಸಲು ಆಗದ ಹಾಗೆ ಮಾಡಿ ಹೊಡೆದರು. ಕರಪತ್ರ ಹಿಡಿದು ಬಂದ ಹೆಂಗಸರನ್ನೂ ಬಿಡಲಿಲ್ಲ. ಆಮೇಲೆ ತಿರುಗಿದ್ದು ಪತ್ರಕರ್ತರ ಕಡೆ. ಪ್ಲೇಟ್ ಕೊಡು ಅಂದರು. ಪ್ಲೇಟ್ ಅಂದರೆ ಊಟದ್ದಲ್ಲ, ಆಗಿನ ಕ್ಯಾಮೆರಾದ್ದು. ಕಿಲ್‌ಪ್ಯಾಟ್ರಿಕ್ ಆ ಹೊತ್ತಿಗಾಗಲೇ ಅಸಲಿ ಪ್ಲೇಟುಗಳನ್ನು ಕಾರಿನ ಹಿಂದಿನ ಸೀಟಿನ ಕೆಳಗೆ ತುರುಕಿದ್ದ. ಕೆಲಸಕ್ಕೆ ಬಾರದವನ್ನು ಅವರ ಕೈಗಿಟ್ಟು ಹೊರಟ!

ಯೂನಿಯನ್ನಿನವರೇ ಬೇಕಂತ ಕೆಣಕಿದರು ಅಂತ ಬೆನೆಟ್ ಹೇಳಿಕೆ ಕೊಟ್ಟ. ಆದರೆ ನಗುತ್ತಾ ನಿಂತವರ ಫೋಟೋ, ಹೊಡೆಸಿಕೊಂಡವರ ಫೋಟೋ ಎರಡೂ ಪತ್ರಿಕೆಗಳಲ್ಲಿ ಬಂದಿದ್ದವು. ಹೇಳಿಕೆಯನ್ನು ಯಾರು ನಂಬುತ್ತಾರೆ? ಫೋರ್ಡ್ ಯೂನಿಯನ್ನನ್ನು ಒಪ್ಪಿಕೊಳ್ಳಲು 1941 ಆಯಿತು, ಅದು ಬೇರೆ ವಿಷಯ.

ಇಲ್ಲಿ ಪಿಆರ್, ಅಂದರೆ ಕಂಪನಿಗಳ ಸಾರ್ವಜನಿಕ ಸಂಪರ್ಕದ ಕೆಲಸದಲ್ಲಿರುವ ಮಿತ್ರರೂ ಇದ್ದಾರೆ. ಮುಖ ಸಣ್ಣ ಮಾಡಿಕೊಳ್ಳಬೇಡಿ, ನಿಮ್ಮ ಮೂಲಪುರುಷನ ವಿಷಯಕ್ಕೇ ಬರುತ್ತಿದ್ದೇನೆ. ಐವಿ ಲೀ. ಪತ್ರಿಕೆಗಳಿಗೆ ನಿಖರ ಮಾಹಿತಿಯನ್ನೇ ಕೊಡುತ್ತೇವೆ ಅಂತ 1906ರಲ್ಲಿ ಬರೆದುಕೊಟ್ಟವನು. 1914ರ ಏಪ್ರಿಲ್ 20ರಂದು ಕೊಲೊರಾಡೊದ ಲಡ್ಲೋದಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿತ್ತು. ಒಂದು ಡೇರೆಯ ಕೆಳಗೆ ತೋಡಿದ್ದ ಗುಂಡಿಯಲ್ಲಿ ಅಡಗಿದ್ದ 2 ಹೆಂಗಸರು, 11 ಮಕ್ಕಳು ಸತ್ತರು. ಗಣಿ ಕಂಪನಿ ರಾಕ್‌ಫೆಲ್ಲರ್ ಮನೆತನದ ಹಿಡಿತದಲ್ಲಿತ್ತು. ಅವರು ಲೀಯನ್ನು ಕರೆಸಿದರು. ಅವನು ಪ್ರಕಟಣೆ ಮೇಲೆ ಪ್ರಕಟಣೆ ಹೊರಡಿಸಿದ. ಒಂದರಲ್ಲಿ ಯೂನಿಯನ್ ನಾಯಕರ ಇಡೀ ವರ್ಷದ ಸಂಬಳವನ್ನು ಬರೀ 9 ವಾರದ್ದು ಅಂತ ತೋರಿಸಿತ್ತು. ಸುಮಾರು ಆರು ಪಟ್ಟು! ವಿಚಾರಣಾ ಆಯೋಗ ಕೇಳಿತು: ಕಂಪನಿ ಕೊಟ್ಟ ಮಾಹಿತಿ ಸರಿಯೋ ಇಲ್ಲವೋ ಅಂತ ನೀವು ಪರೀಕ್ಷಿಸಿದಿರಾ? ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡ. ಎಣಿಸಿದ್ದು ಯಾರು ಅಂತ ಲೀಯೂ ಕೇಳಿರಲಿಲ್ಲ, ನೋಡಿ. ನಾನೊಬ್ಬನೇ ಅಲ್ಲ.

ಚೀಟಿ ಬಂತು. ಐದೇ ನಿಮಿಷವಂತೆ.

ಟಿವಿ ಬಗ್ಗೆ ಜಾಸ್ತಿ ಹೇಳಬೇಕಂತಿದ್ದೆ, ಒಂದೇ ಸಂಗತಿ ಹೇಳುತ್ತೇನೆ. 1984ರ ಜೂನ್ 18, ಇಂಗ್ಲೆಂಡಿನ ಆರ್‌ಗ್ರೀವ್‌ನಲ್ಲಿ, ಕಲ್ಲಿದ್ದಲಿನಿಂದ ಕೋಕ್ ಇಂಧನ ಮಾಡುವ ಘಟಕದ ಮುಂದೆ ಗಣಿ ಕಾರ್ಮಿಕರಿಗೂ ಪೊಲೀಸರಿಗೂ ಘರ್ಷಣೆ. ಬಿಬಿಸಿ ಸುದ್ದಿಯಲ್ಲಿ ಮೊದಲು ಕಾರ್ಮಿಕರ ಕಲ್ಲು, ಆಮೇಲೆ ನುಗ್ಗುವ ಪೊಲೀಸ್ ಕುದುರೆಗಳು ಬಂದವು. ಗಡಿಬಿಡಿಯಲ್ಲಿ ದೃಶ್ಯಗಳು ಹಿಂದುಮುಂದಾದವು ಅಂತ ಬಿಬಿಸಿಯವರೇ ವರ್ಷಗಳ ಮೇಲೆ ಒಪ್ಪಿಕೊಂಡರು.

ಸಾಮಾಜಿಕ ಜಾಲತಾಣ, ಜಾಹೀರಾತಿನ ಒತ್ತಡ, ಇವೆರಡು ಹಾಳೆ ಮಡಚಿ ಜೇಬಿಗಿಡುತ್ತಿದ್ದೇನೆ. ಪಿಆರ್ ಮಿತ್ರರಿಗೆ ಒಂದು ಮಾತು: ಗೇಟಿನ ಪಂಚಿಂಗ್ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ. ಶಿಫ್ಟ್, ಸಮಯ, ಕಾಯಂ ಎಷ್ಟು, ಗುತ್ತಿಗೆ ಎಷ್ಟು ಅಂತ ಪ್ರೆಸ್ ನೋಟಿನಲ್ಲಿ ನೀವೇ ಬಿಡಿಸಿ ಬರೆಯಿರಿ. ವರದಿಗಾರರೇ, ಬರೆಯದಿದ್ದರೆ ಬೆಳಗಿನ ಶಿಫ್ಟಿಗೆ ಮುಂಚೆ ಗೇಟಿಗೆ ಹೋಗಿ. ಕಾಫಿ ಫ್ಲಾಸ್ಕ್ ತಗೊಂಡು ಹೋಗಿ, ಹೊತ್ತು ಹಿಡಿಯುತ್ತದೆ.