ಬೋರ್ಡೋ ಡ್ರಮ್ ತೊಳೆದ ನೀರಿಗೆ ಜಲಕುಂಭಿ

ಈ ನೀಲಿ ನೀರು ನೋಡಿ. ಚಿಕ್ಕಮಗಳೂರು ಕಡೆ ಕಾಫಿ ತೋಟ ಇರೋರಿಗೆ ಇದೇನು ಅಂತ ಹೇಳಬೇಕಾಗಿಲ್ಲ, ಬೋರ್ಡೋ, ಶಿಲೀಂಧ್ರ ರೋಗಕ್ಕೆ ಗಿಡಕ್ಕೆ ಹೊಡೆಯೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ದೊಡ್ಡಪ್ಪ ಕತ್ತಿ ಅದ್ದಿ ತೆಗೀತಿದ್ದಾರಲ್ಲ, ಅದು ಹಳೇ ಪರೀಕ್ಷೆ. ಕಬ್ಬಿಣದ ಮೇಲೆ ಕೆಂಪಗೆ ಕೂತರೆ ಸುಣ್ಣ ಸಾಲದು ಅಂತ. ಆ ಕೆಂಪೇ ತಾಮ್ರ. ಒಂದು ಕೆಜಿ ಮೈಲುತುತ್ತದಲ್ಲಿ ಹೆಚ್ಚುಕಮ್ಮಿ 250 ಗ್ರಾಂ ಅದೇ ಇರುತ್ತೆ.

ಎಲೆಗೆ ಹೊಡೆದ ತಾಮ್ರ ಮಳೆಗೆ ತೊಳೆದು ಮಣ್ಣಿಗೆ ಬಿದ್ದರೆ, ಮಣ್ಣಿನ ಸಾವಯವ ಅಂಶ ಅದನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಡ್ರಮ್ಮು, ಸ್ಪ್ರೇಯರ್ ತೊಳೆದ ನೀರಿಗೆ ಆ ತಡೆ ಇಲ್ಲ. ಚೆಲ್ಲಿದರೆ ಸೀದಾ ಹಳ್ಳಕ್ಕೆ. ಈ ಹಳ್ಳ ಯಗಚಿಗೆ, ಯಗಚಿ ಬೇಲೂರು ದಾಟಿ ಹೇಮಾವತಿಗೆ. ಕುಡಿಯೋ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಒಪ್ಪಬಹುದು ಅನ್ನುತ್ತೆ ನಮ್ಮ ಭಾರತೀಯ ಮಾನಕ.

ಅದಕ್ಕೇ ಈ ತೊಟ್ಟಿ. ತೇಲ್ತಿರೋದು ಜಲಕುಂಭಿ. ಹೌದು, ಕೆರೆಗಳನ್ನೆಲ್ಲ ಮುಚ್ಚಿ ಹಾಕಿರೋ ಅದೇ ನೇರಳೆ ಹೂವಿನ ಪೀಡೆ. 1970ರ ದಶಕದಲ್ಲೇ ನಾಸಾದ ಬಿ.ಸಿ. ವುಲ್ವರ್ಟನ್ ಅಮೆರಿಕದ ಮಿಸಿಸಿಪ್ಪಿಯಲ್ಲಿ ಕೊಳೆನೀರಿಗೆ ಇದನ್ನ ಬಿಟ್ಟು ನೋಡಿದ್ದರು. ಕ್ಯಾಮೆರಾ ಹತ್ತಿರ ತರ್ತೀನಿ, ಬೇರು ನೋಡಿ. ನವಿಲುಗರಿ ಥರ ಬಿಡಿಬಿಡಿ ಎಳೆ. ನೀರಲ್ಲಿ ಕರಗಿರೋ ಲೋಹದ ಕಣಗಳು, ಅಂದ್ರೆ ಅಯಾನುಗಳು, ಮೊದಲು ಈ ಎಳೆಗಳ ಮೇಲೆ ಅಂಟಿಕೊಳ್ತವೆ. ಒಳಗೆ ಹೋದದ್ದನ್ನ ಗಿಡ ಫೈಟೋಕೆಲೇಟಿನ್ ಅನ್ನೋ ಸಣ್ಣ ಪೆಪ್ಟೈಡ್‌ಗಳಿಂದ ಕಟ್ಟಿ, ಜೀವಕೋಶದೊಳಗಿನ ರಸದಾನಿ ಅನ್ನೋ ಚೀಲದಲ್ಲಿ ಬೀಗ ಹಾಕಿಡುತ್ತೆ. ಬಹುಪಾಲು ಬೇರಲ್ಲೇ ನಿಲ್ಲುತ್ತೆ, ಎಲೆಗೆ ಹೋಗೋದು ಕಡಿಮೆ. ಕ್ರೋಮಿಯಂ ಕೊಟ್ಟರೆ ಇನ್ನೂ ಒಂದು ಹೆಜ್ಜೆ ಮುಂದೆ: ವಿಷಕಾರಿ ಆರು ವೇಲೆನ್ಸಿಯ ರೂಪವನ್ನ ಅಷ್ಟು ಅಪಾಯವಿಲ್ಲದ ಮೂರಕ್ಕೆ ಇಳಿಸುತ್ತೆ. ಹಾಸನದ ನುಗ್ಗೇಹಳ್ಳಿ ಕಡೆ ಕ್ರೋಮೈಟ್, ಅಂದ್ರೆ ಕ್ರೋಮಿಯಂ ಅದಿರಿನ ಗಣಿ ಕಂಡವರಿಗೆ ಇದು ಕುತೂಹಲದ ವಿಷಯ.

ಆದರೆ ಡ್ರಮ್ಮಿನ ನೀರು ಹಾಗೇ ಬಿಟ್ಟರೆ ಗಿಡವೇ ಸುಟ್ಟು ಹೋಗುತ್ತೆ. ತಾಮ್ರ ಜಾಸ್ತಿಯಾದರೆ ಗಿಡಕ್ಕೂ ವಿಷ ತಾನೇ. ಅದಕ್ಕೆ ಮೊದಲ ತೊಟ್ಟಿಯಲ್ಲಿ ಇನ್ನಷ್ಟು ಸುಣ್ಣ ಹಾಕಿ ಬಿಡ್ತೀವಿ, ನೀಲಿ ಗಸಿ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಮಾತ್ರ ಮಾಮೂಲಿ ನೀರಿನ ಜೊತೆ ಬೆರೆಸಿ ಈ ಕಡೆಗೆ. ಭಾರೀ ಕೆಲಸ ಸುಣ್ಣದ್ದು, ಉಳಿದ ಚೂರುಪಾರು ಗಿಡದ್ದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ನೀರನ್ನಂತೂ ಇದಕ್ಕೆ ಸೇರಿಸಲೇಬಾರದು. ಅದು ಹುಳಿ. ಹುಳಿಯಲ್ಲಿ ತಾಮ್ರ ಮತ್ತೆ ಕರಗಿ ಮೇಲೆ ಬರುತ್ತೆ.

ದೊಡ್ಡಪ್ಪ ಆಗಲೇ ಲೆಕ್ಕ ಹಾಕ್ತಿದ್ದಾರೆ, ಕೇಳಿ: "ಎಷ್ಟು ಬೆಳೆದಿದೆ ನೋಡೋ, ಎತ್ತಿ ಎರೆಗೊಬ್ಬರ ಮಾಡಿ ಗಿಡದ ಬುಡಕ್ಕೆ ಹಾಕೋಣ."

"ಹಾಕಿದ್ರೆ ತೆಗೆದ ತಾಮ್ರ ವಾಪಸ್ ತೋಟಕ್ಕೇ ಬಂತಲ್ಲ ದೊಡ್ಡಪ್ಪ!"

ಈ ಗಿಡಗಳ ಬಗ್ಗೆ ಹೊಗಳೋರು ಹೇಳದೆ ಬಿಡೋ ಮಾತು ಇದೇ. ಗಿಡ ಲೋಹನ ಇಲ್ಲವಾಗಿಸಲ್ಲ, ನೀರಿಂದ ತನ್ನ ಬೇರಿಗೆ ಸಾಗಿಸುತ್ತೆ ಅಷ್ಟೆ. ಅಲ್ಲೇ ಕೊಳೆಯಲು ಬಿಟ್ಟರೆ ಮತ್ತೆ ನೀರಿಗೆ. ಅಜೋಲಾ ಅನ್ನೋ ತೇಲೋ ಪುಟ್ಟ ಗಿಡ ಬೆಳೆಸಿದರೂ ಅಷ್ಟೇ: ಬೇರೆ ಕಡೆ ದನಕ್ಕೆ ಹಾಕೋ ಮೇವಾದರೂ ಈ ತೊಟ್ಟಿಯದ್ದು ಬೇಡ. ಕುರಿಗಂತೂ ಬೇಡವೇ ಬೇಡ, ತಾಮ್ರ ಅದರ ಲಿವರ್‌ನಲ್ಲಿ ಸೇರ್ಕೊಂಡು ಜೀವ ತೆಗೆಯುತ್ತೆ. ಗಿಡ ಸುಟ್ಟರೂ ಬೂದಿಯಲ್ಲಿ ತಾಮ್ರ ಕೂತಿರುತ್ತೆ.

ಸದ್ಯಕ್ಕೆ ಎತ್ತಿದ್ದನ್ನ ಸಿಮೆಂಟ್ ಕಣದಲ್ಲಿ ಒಣಗಿಸ್ತೀವಿ. ಜಲಕುಂಭಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರೇ, ಒಣಗಿದರೆ ಒಂದು ರಾಶಿ ಒಂದೆರಡು ಚೀಲಕ್ಕೆ ಇಳಿಯುತ್ತೆ. ಚೀಲ ಕಟ್ಟಿ ಶೆಡ್ಡಲ್ಲಿ ಇಟ್ಟು, ಒಂದು ಹಿಡಿ ಬೇರು ಲ್ಯಾಬಿಗೆ. ನೀರಿನ ಸ್ಯಾಂಪಲ್ ಪ್ಲಾಸ್ಟಿಕ್ ಬಾಟಲಿಯಲ್ಲಿ. ಲ್ಯಾಬಿನವರನ್ನ ಕೇಳಿ ನೈಟ್ರಿಕ್ ಆಮ್ಲ ಹಾಕಿಸಿ, ಇಲ್ಲಾಂದ್ರೆ ಲೋಹ ಬಾಟಲಿಯ ಗೋಡೆಗೇ ಅಂಟಿ ರಿಪೋರ್ಟಲ್ಲಿ ಕಡಿಮೆ ತೋರಿಸುತ್ತೆ.

ಇನ್ನು ಮಳೆ ಹಿಡಿಯೋ ಮುಂಚೆ ತೊಟ್ಟಿ ಖಾಲಿ ಮಾಡಬೇಕು. ಒಂದೇ ಒಂದು ಗಿಡ ಹಳ್ಳಕ್ಕೆ ಜಾರಿದರೂ ಕೆಳಗಿನ ಕೆರೆಯವರು ನಮ್ಮನ್ನ ಬೈಯೋದು ಖಂಡಿತ, ಒಂದೆರಡು ವಾರದಲ್ಲೇ ದುಪ್ಪಟ್ಟಾಗೋ ಜಾತಿ ಇದು. ಮಳೆಗಾಲಕ್ಕೆ ಚರಂಡಿ ಅಂಚಿಗೆ ಲಾವಂಚ ನೆಡೋ ಯೋಚನೆ ಇದೆ. ಅದರ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತೆ, ಮಣ್ಣು ನಿಂತರೆ ತಾಮ್ರವೂ ನಿಲ್ಲುತ್ತೆ. ಸಸಿ ಯಾರ ಹತ್ರ ಸಿಗುತ್ತೆ ಗೊತ್ತಿದ್ರೆ ಹೇಳಿ, ಮೂಡಿಗೆರೆ ಕಡೆ ಆದ್ರೂ ಬಂದು ತಗೊಂಡು ಹೋಗ್ತೀವಿ.