ಎರಡನೇ ಪುಟದ ಆ ಸಣ್ಣ ಚೌಕ

ಕೇಳುಗರಿಗೆ ನಮಸ್ಕಾರ. ತೆರಿಗೆ ರಿಟರ್ನ್ ಕಳಿಸುವ ಕೊನೆಯ ದಿನ ಏಪ್ರಿಲ್ 15 ಹತ್ತಿರ ಬರುತ್ತಿದೆ. ಅಮೆರಿಕದ ನಮ್ಮ ಕನ್ನಡದ ಮನೆಗಳಲ್ಲಿ ಈಗ ವರ್ಷದ ಸಂಬಳದ ಲೆಕ್ಕ ಇರುವ ಡಬ್ಲ್ಯು-2 ಕಾಗದಗಳದ್ದೇ ಮಾತು. ನಾನು ಇಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಇವತ್ತು ಹೇಳಬೇಕಿರುವುದು ನನ್ನಂಥವರನ್ನು ಕಟ್ಟಿಹಾಕುವ ಕಾಯಿದೆಯ ಬಗ್ಗೆ. ದುಡ್ಡು ಕೊಡುವವರು ನೀವು. ನಿಮಗೆ ಅದು ಗೊತ್ತಿರಬೇಕು.

ಕೆಲವು ವರ್ಷದ ಹಿಂದೆ ದಾವಣಗೆರೆ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಎಂ.ಎಸ್. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಎಫ್-1 ವೀಸಾ, ಬಂದು ಮೂರನೇ ವರ್ಷ. ರೂಮ್‌ಮೇಟ್ ಹೇಳಿದ ಅಂತ ಯಾರದೋ ಹತ್ತಿರ ರಿಟರ್ನ್ ಮಾಡಿಸಿದ್ದ. "ಅಂಕಲ್, ನನ್ನ ಫ್ರೆಂಡ್ಸ್ ಎಲ್ಲರಿಗಿಂತ ಜಾಸ್ತಿ ರಿಫಂಡ್ ಬಂತು" ಅಂದ. ರಿಫಂಡಿನಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸು ಕೊಟ್ಟಿದ್ದ. ಆಮೇಲೆ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಕಾಗದ ಬಂದಿತ್ತು.

ನಾನು ಮೊದಲು ನೋಡಿದ್ದು ಅವನ ರಿಟರ್ನ್, ಅಂದರೆ 1040 ಫಾರ್ಮಿನ ಎರಡನೇ ಪುಟದ ತುದಿ. ದುಡ್ಡು ಪಡೆದು ರಿಟರ್ನ್ ತುಂಬಿದವರಿಗೆ ಅಂತ ಅಲ್ಲಿ ಒಂದು ಚೌಕ ಇದೆ. ಹೆಸರು, ಸಹಿ, ಐಆರ್‌ಎಸ್ ನಮಗೆ ಕೊಡುವ ಪಿಟಿನ್ ಅನ್ನುವ ನಂಬರು, ಎಲ್ಲ ಅಲ್ಲಿ ಬರೆಯಬೇಕು. ಹುಡುಗನ ರಿಟರ್ನ್‌ನಲ್ಲಿ ಆ ಚೌಕ ಪೂರ್ತಿ ಖಾಲಿ. ಅವನೇ ತುಂಬಿಕೊಂಡ ಹಾಗೆ ಕಳಿಸಿಬಿಟ್ಟಿದ್ದರು.

ಒಳಗೆ ಏನಿತ್ತು ಅಂತೀರಾ? ಎಫ್-1ನಲ್ಲಿ ಬಂದ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕದಲ್ಲಿ ಅನಿವಾಸಿ. ಅವನು ತುಂಬಬೇಕಾದ್ದು 1040 ಅಲ್ಲ, 1040-ಎನ್ಆರ್. ಭಾರತದಿಂದ ಬಂದ ವಿದ್ಯಾರ್ಥಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಕಳೆಯುವ ನಿಗದಿತ ಮೊತ್ತ, ಸಿಗುತ್ತದೆ. ಅದು ನ್ಯಾಯವಾಗಿ ಬರುವ ಲಾಭ. ಆದರೆ 2,500 ಡಾಲರ್‌ವರೆಗಿನ ಕಾಲೇಜು ಫೀಸಿನ ಕ್ರೆಡಿಟ್, ಅಂದರೆ ತೆರಿಗೆಯಲ್ಲೇ ಸಿಗುವ ರಿಯಾಯಿತಿ, ಅವನಿಗೆ ಇಲ್ಲ. ರಿಟರ್ನ್ ಮಾಡಿಕೊಟ್ಟವರು ಅದನ್ನೇ ಹಾಕಿದ್ದರು. ಊರಲ್ಲಿರುವ ಅಪ್ಪ ಅಮ್ಮನನ್ನೂ ಅವಲಂಬಿತರು ಅಂತ ತೋರಿಸಿದ್ದರು. ಅದೂ ನಡೆಯುವುದಿಲ್ಲ.

ಈಗ ಕಾಯಿದೆ ಏನು ಹೇಳುತ್ತದೆ ನೋಡಿ. ದುಡ್ಡು ಪಡೆದು ರಿಟರ್ನ್ ತುಂಬಿದವರು ಸಹಿ ಹಾಕದಿದ್ದರೆ, ಪಿಟಿನ್ ಬರೆಯದಿದ್ದರೆ, ನಿಮಗೆ ಪ್ರತಿ ಕೊಡದಿದ್ದರೆ ಒಂದೊಂದು ತಪ್ಪಿಗೂ ಮೂಲ ದಂಡ 50 ಡಾಲರ್. ಬೆಲೆ ಏರಿಕೆಗೆ ತಕ್ಕ ಹಾಗೆ ಅದು ಸ್ವಲ್ಪ ಸ್ವಲ್ಪ ಏರುತ್ತದೆ. ನನ್ನ ಮನಸ್ಸಿಗೆ ಇದು ತೀರಾ ಕಡಿಮೆ. ಕಾಲೇಜು ಫೀಸಿನಂಥ ಕೆಲವು ಕ್ರೆಡಿಟ್ ಕೊಡಿಸುವ ಮುಂಚೆ ಕೇಳಬೇಕಾದ್ದನ್ನು ಕೇಳಿ, ಅದನ್ನು ಖಚಿತಪಡಿಸುವ 8867 ಫಾರ್ಮ್ ತುಂಬಿ, ದಾಖಲೆ ಇಟ್ಟುಕೊಳ್ಳದಿದ್ದರೆ ಮೂಲ ದಂಡ 500 ಡಾಲರ್. ಅದೂ ಒಂದೊಂದು ಕ್ರೆಡಿಟ್‌ಗೆ ಬೇರೆ ಬೇರೆ. ನಿಮ್ಮ ರಿಫಂಡ್ ಚೆಕ್ಕನ್ನು ತಮ್ಮ ಖಾತೆಗೆ ಹಾಕಿಕೊಂಡರೂ ಇದೇ ರೀತಿ ದಂಡ.

ದೊಡ್ಡ ಪೆಟ್ಟು ತೆರಿಗೆ ಕಾಯಿದೆಯ 6694ನೇ ಸೆಕ್ಷನ್‌ನಲ್ಲಿದೆ. ಕಾಯಿದೆಯ ಗಟ್ಟಿ ಆಧಾರವಿಲ್ಲದೆ ತೆರಿಗೆ ಕಡಿಮೆ ತೋರಿಸಿದರೆ 1,000 ಡಾಲರ್, ಇಲ್ಲವೇ ಆ ರಿಟರ್ನ್‌ನಿಂದ ಬಂದ ಫೀಸಿನ ಅರ್ಧ, ಯಾವುದು ಜಾಸ್ತಿಯೋ ಅದು. ಬೇಕಂತಲೇ ಮಾಡಿದರೆ ಅಥವಾ ನಿಯಮ ಗೊತ್ತಿದ್ದೂ ಲೆಕ್ಕಿಸದಿದ್ದರೆ 5,000 ಡಾಲರ್, ಇಲ್ಲವೇ ಫೀಸಿನ ಶೇಕಡ 75. ಗೊತ್ತಿದ್ದೂ ಸುಳ್ಳು ರಿಟರ್ನ್ ತಯಾರಿಸಿದವರಿಗೆ 3 ವರ್ಷದವರೆಗೆ ಜೈಲೂ ಆಗಬಹುದು. ನಿಮ್ಮ ವಿವರವನ್ನು ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡುವುದೂ ಅಪರಾಧ.

ಇಷ್ಟೆಲ್ಲ ಇದ್ದರೂ ಈ ಕೆಲಸಕ್ಕೆ ಕೂರಲು ಪರೀಕ್ಷೆ ಬೇಡ ಅಂದರೆ ಜನ ನಂಬುವುದಿಲ್ಲ. 2011ರಲ್ಲಿ ಐಆರ್‌ಎಸ್ ವೃತ್ತಿ ಪರವಾನಗಿ ಇಲ್ಲದ ತಯಾರಕರಿಗೆ ಪರೀಕ್ಷೆ ಇಡಲು ಹೊರಟಿತ್ತು. ಅದು ಹಿಡಿದುಕೊಂಡಿದ್ದು 1884ರ ಒಂದು ಕಾನೂನನ್ನು. ಅಂತರ್ಯುದ್ಧದಲ್ಲಿ ಕುದುರೆ ಕಳೆದುಕೊಂಡವರ ಪರವಾಗಿ ಸರ್ಕಾರದಿಂದ ಪರಿಹಾರ ಕೇಳುತ್ತಿದ್ದ ಏಜೆಂಟರನ್ನು ಹದ್ದುಬಸ್ತಿನಲ್ಲಿಡಲು ಬಂದ ಕಾನೂನು ಅದು. ರಿಟರ್ನ್ ತುಂಬುವವರಿಗೆ ಇದು ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಹಾಗಾಗಿ ಇವತ್ತಿಗೂ ಬಹಳ ರಾಜ್ಯಗಳಲ್ಲಿ ಪಿಟಿನ್ ಒಂದಿದ್ದರೆ ಸಾಕು. ಕ್ಯಾಲಿಫೋರ್ನಿಯಾ, ಒರೆಗಾನ್‌ನಂಥ ಕೆಲವು ರಾಜ್ಯಗಳು ಮಾತ್ರ ತಮ್ಮದೇ ನಿಯಮ ಇಟ್ಟುಕೊಂಡಿವೆ.

ವಕೀಲರು, ಸಿಪಿಎಗಳು ಅಂದರೆ ಪರವಾನಗಿ ಪಡೆದ ಲೆಕ್ಕಿಗರು, ಐಆರ್‌ಎಸ್‌ನ ಪರವಾನಗಿ ಇರುವ ಎನ್‌ರೋಲ್ಡ್ ಏಜೆಂಟರಂಥವರು ಸರ್ಕ್ಯುಲರ್ 230 ಅನ್ನುವ ನಡವಳಿಕೆ ನಿಯಮಗಳ ಕೆಳಗೆ ಬರುತ್ತೇವೆ. ನಿಮ್ಮ ಹಳೆಯ ರಿಟರ್ನ್‌ನಲ್ಲಿ ತಪ್ಪು ಕಂಡರೆ ನಿಮಗೆ ಹೇಳಲೇಬೇಕು. ಅದರಿಂದ ಏನಾಗುತ್ತದೆ ಅನ್ನುವುದನ್ನೂ ತಿಳಿಸಬೇಕು. ನಿಮ್ಮ ಕಾಗದ ಕೇಳಿದಾಗ ವಾಪಸು ಕೊಡಬೇಕು. ನೀವು ಹೇಳಿದ್ದನ್ನು ನಂಬಬಹುದು, ಆದರೆ ಸರಿ ಕಾಣದಿದ್ದರೆ ಸುಮ್ನೆ ಬರೆದುಕೊಳ್ಳುವ ಹಾಗಿಲ್ಲ. ಊರಲ್ಲಿ ಖಾತೆ ಇಲ್ಲ ಅನ್ನುತ್ತೀರಿ, ಮಾತಿನ ನಡುವೆ ಎಫ್‌ಡಿ ಬಡ್ಡಿಯ ಸುದ್ದಿ ಬರುತ್ತದೆ. ಆಗ ನಾನು ಪೆನ್ನು ಕೆಳಗಿಟ್ಟು ಮತ್ತೆ ಕೇಳುತ್ತೇನೆ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಅನಿವಾಸಿ ಭಾರತೀಯರ ಎನ್ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದರೆ ಅಮೆರಿಕದ ತೆರಿಗೆ ಲೆಕ್ಕದಲ್ಲಿ ನಿವಾಸಿಯಾದವರಿಗೆ ಇಲ್ಲಿ ಇದೆ.

ಒಂದು ಮಾತು ಮರೆಯಬೇಡಿ. ದಂಡ ರಿಟರ್ನ್ ತುಂಬಿಕೊಟ್ಟವರಿಗೆ ಬಿದ್ದರೂ ತೆರಿಗೆ ಕಟ್ಟಬೇಕಾದವರು ನೀವೇ. ಬಡ್ಡಿಯೂ ನಿಮ್ಮದೇ. ಅದರ ಮೇಲೆ ಶೇಕಡ 20ರ ದಂಡವೂ ಬೀಳಬಹುದು. ಆ ಹುಡುಗ ಬಂದ ರಿಫಂಡನ್ನು ಆಗಲೇ ಊರಿಗೆ ಕಳಿಸಿದ್ದ. ವಾಪಸು ಕಟ್ಟಲು ಕಂತು ಕೇಳಿಕೊಂಡೆವು. ಫೀಸು ಪಡೆದವರು ಫೋನ್ ಎತ್ತಲಿಲ್ಲ. ಇಂಥವರ ಮೇಲೆ ದೂರು ಕೊಡಲು ಐಆರ್‌ಎಸ್‌ನ 14157 ಫಾರ್ಮ್ ಇದೆ. ಅವನು ನನ್ನ ಮೇಜಿನ ಮುಂದೆಯೇ ಕೂತು ಅದನ್ನು ತುಂಬಿದ.

ಈ ಸಲ ರಿಟರ್ನ್ ಕಳಿಸುವ ಮುಂಚೆ ಎರಡನೇ ಪುಟ ತೆರೆಯಿರಿ. ಚೌಕ ಖಾಲಿ ಇದ್ದರೆ, "ನಿಮ್ಮ ಸಹಿ ಎಲ್ಲಿ ಸರ್?" ಅಂತ ಕೇಳಿ. ನಮಸ್ಕಾರ.